ಮುಂದಿನ ನಿಲ್ದಾಣ ನೆರೂಳ

ಜೂನ್ ನಡುವಿಗೆ ಬಂತೆಂದರೆ ನವಿ ಮುಂಬಯಿಯ ನೆರೂಳಿನಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರು. ಪಾಮ್ ಬೀಚ್ ರಸ್ತೆಯಾಚೆಯ ಕೆಸರುನೀರಿನಲ್ಲಿ ಬೇಸಿಗೆಯುದ್ದಕ್ಕೂ ಗುಂಪುಗುಂಪಾಗಿ ನಿಂತಿದ್ದ ಫ್ಲೆಮಿಂಗೊಗಳು ಅಷ್ಟರಲ್ಲಿ ಹೊರಟುಹೋಗಿರುತ್ತವೆ. ಸೆಕ್ಟರುಗಳ ಒಳರಸ್ತೆ ತುಂಬ ಈಗ ನೀಲಿ, ಹಳದಿ, ಕೆಂಪು ರೇನ್‌ಕೋಟುಗಳು. ಬೆಳಗ್ಗೆ ಆರೂಮುಕ್ಕಾಲಕ್ಕೆ ಶಾಲೆಯ ಗೇಟಿನೆದುರು ರಿಕ್ಷಾ, ಬಸ್ಸು, ಸ್ಕೂಟರು ಒಂದಕ್ಕೊಂದು ಅಂಟಿಕೊಂಡು ನಿಂತು ಹಾರ್ನ್ ಹೊಡೆಯುತ್ತವೆ. ಗೇಟಿನೊಳಗೆ ಶಾಲೆಯ ಆಯಾ ಮಾವಶಿ ಒಂದು ಕೈಯಲ್ಲಿ ಒದ್ದೆ ಕೊಡೆಗಳ ಬಕೆಟ್ಟು, ಇನ್ನೊಂದರಲ್ಲಿ ಅಳುವ ಕೂಸಿನ ಕೈ ಹಿಡಿದು ನಿಂತಿರುತ್ತಾಳೆ. ಹೊಸ ಪುಸ್ತಕದ ಖಾಕಿ ರಟ್ಟಿನ ವಾಸನೆ, ಒದ್ದೆ ಕಾಲುಚೀಲದ ವಾಸನೆ, ಯಾವುದೋ ಡಬ್ಬಿಯಿಂದ ಬರುವ ಪೋಹೆಯ ಒಗ್ಗರಣೆ.

ಈ ಗದ್ದಲದ ಅಂಚಿನಲ್ಲಿ ನನ್ನ ಕೈಬೆರಳನ್ನು ಬಿಗಿಯಾಗಿ ಹಿಡಿದು ನಮ್ಮ ಮಾಣಿ ನಿಂತಿದ್ದಾನೆ. ಅಣ್ಣನ ಮಗ. ಎಂಟು ವರ್ಷ, ಈ ವರ್ಷ ಮೂರನೇ ಇಯತ್ತೆ. ಒಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡಿದ್ದಾನೆ. ಇನ್ನೊಂದು ಕಿವಿಯನ್ನು ನನ್ನ ಸೊಂಟಕ್ಕೆ ಒತ್ತಿದ್ದಾನೆ. ತುಟಿ ಮಾತ್ರ ಅಲುಗುತ್ತಿದೆ: ವಾಶಿ, ಸಾನ್‌ಪಾಡಾ, ಜುಯಿನಗರ, ನೆರೂಳ, ಸೀವುಡ್ಸ್, ಬೇಲಾಪುರ, ಖಾರ್ಘರ್, ಮಾನ್‌ಸರೋವರ್, ಖಾಂಡೇಶ್ವರ್, ಪನ್ವೇಲ್. ಪನ್ವೇಲ್ ಮುಟ್ಟಿದರೆ ಮತ್ತೆ ವಾಶಿ. ನಡುವೆ ಯಾರಾದರೂ ತಡೆದರೆ ಇದ್ದಲ್ಲಿಂದ ಮುಂದುವರಿಸಲು ಬರುವುದಿಲ್ಲ, ಮೊದಲಿನಿಂದಲೇ ಹೊರಡಬೇಕು. ಲೋಕಲ್ ರೈಲಿನ ಹಾರ್ಬರ್ ಲೈನು ಅವನ ಜಪಮಾಲೆ. ಆಟಿಸಂ ಎಂಬ ಹೆಸರನ್ನು ಡಾಕ್ಟರು ಬರೆದುಕೊಟ್ಟು ಐದು ವರ್ಷವಾಯಿತು. ಅವನಿಗೆ ಮಾತು ಬರುವುದಿಲ್ಲವೆಂದಲ್ಲ, ಬೇಕಾದ ಹೊತ್ತಿಗೆ ಬರುವುದಿಲ್ಲ.

ಆ ದಿನ ಹೊಸ ಕ್ಲಾಸ್ ಟೀಚರು ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ಬಂದರು. ಕಾರ್ಕಳದ ಕಡೆಯವರು, ಮುಂಬಯಿಗೆ ಮದುವೆಯಾಗಿ ಬಂದು 22 ವರ್ಷ ಪಾಠ ಮಾಡಿದವರು. ಕನ್ನಡದವಳೆಂದು ಗೊತ್ತಾದ ಕೂಡಲೇ ನನ್ನನ್ನು ಕಂಬದ ಮರೆಗೆ ಕರೆದರು. "ಅಕ್ಕ, ನಿಮ್ಮ ಹತ್ರ ಸುಳ್ಳು ಹೇಳುದಿಲ್ಲ. ನನ್ನಿಂದ ಆಗ್ಲಿಕ್ಕಿಲ್ಲ. ನಲವತ್ತಾರು ಮಕ್ಕಳುಂಟು. ಇವ ಎದ್ದು ಓಡಿದ ಅಂತ ಇಟ್ಟುಕೊಳ್ಳಿ, ಇವನ ಹಿಂದೆ ಓಡುದಾ, ನಲವತ್ತೈದು ಮಕ್ಕಳನ್ನು ನೋಡುದಾ?"

ನನಗೆ ಸಿಟ್ಟು ಬಂತು. ಮೊದಲ ದಿನವೇ, ಮಗು ಕೇಳುವಷ್ಟು ಹತ್ತಿರ ನಿಂತು ಹೀಗೆ ಹೇಳುವುದೇ? ಮನೆಗೆ ಬಂದು ಬಟ್ಟೆ ಒಗೆಯುವಾಗಲೂ ಆ ಮಾತು ಕಿವಿಯಲ್ಲೇ ಇತ್ತು. ಸಿಟ್ಟು ಇಳಿದ ಮೇಲೆ ಗೊತ್ತಾಯಿತು: ಅವರು "ಬೇಡ" ಎಂದಿರಲಿಲ್ಲ, "ಆಗ್ಲಿಕ್ಕಿಲ್ಲ" ಎಂದಿದ್ದರು. ಈ ಎರಡು ಮಾತುಗಳ ನಡುವೆ ಎಷ್ಟು ದೂರ ಎಂದು ತಿಳಿಯಬೇಕೆನಿಸಿತು. ಮುಂದಿನ ನಾಲ್ಕು ತಿಂಗಳು ಅದಕ್ಕಾಗಿಯೇ ಟೀಚರುಗಳ ಬೆನ್ನು ಬಿದ್ದೆ. ಗೇಟಿನಲ್ಲಿ, ಬಸ್‌ ಸ್ಟಾಪಿನಲ್ಲಿ, ತರಕಾರಿ ಗಾಡಿಯ ಎದುರು, ಒಂದು ಶನಿವಾರ ನಮ್ಮ ಮನೆಯ ಹಾಲಿನಲ್ಲೇ.

ಆ ಶನಿವಾರದ ಕತೆ ಹೇಳಬೇಕು. ಹೊರಗೆ ಧೋ ಎಂದು ಮಳೆ. ಅತ್ತಿಗೆ ಬನ್ಸ್ ಕರಿಯುತ್ತಿದ್ದಳು. ಬಾಳೆಹಣ್ಣು ಹಿಟ್ಟಿಗೆ ಕಲಸಿಟ್ಟ ಹುಳಿಮಿಶ್ರಿತ ಪರಿಮಳ ಮೂರನೇ ಮಹಡಿಯವರೆಗೂ ಹೋಗಿತ್ತಂತೆ. ಕಾರ್ಕಳದ ಟೀಚರಲ್ಲದೆ ಇನ್ನು ಮೂವರು ಬಂದಿದ್ದರು. ಮಹಾನಗರಪಾಲಿಕೆ ಶಾಲೆಯಲ್ಲಿ ಕಲಿಸುವ ಹುಬ್ಬಳ್ಳಿಯ ಬಾಯಿ, ಹೈಸ್ಕೂಲಿಗೆ ಗಣಿತ ಹೇಳುವ ಮರಾಠಿ ಸರ್, ಗದಗದಿಂದ ಬಂದು ಇಲ್ಲೇ ನಿವೃತ್ತರಾದ ಸಂಗೀತದ ಮೇಷ್ಟ್ರು. ನಾಲ್ವರೂ ಬೇರೆ ಬೇರೆ ಶಾಲೆಯವರು. ಮಾತು ಕನ್ನಡದಲ್ಲಿ ಹೊರಟು ಮರಾಠಿಗೆ ಹೊರಳಿ ಹಿಂದಿಯಲ್ಲಿ ನಿಲ್ಲುತ್ತಿತ್ತು.

ಗಣಿತದ ಸರ್ ನೇರ ಮಾತಿನವರು. ಕಲಿಕಾ ತೊಂದರೆಯಿರುವ ಮಕ್ಕಳೆಂದರೆ ಅವರಿಗೆ ಭಯವಿಲ್ಲ. ಕಾರಣ ಕೇಳಿದರೆ ಅವರ ಉತ್ತರ ಸರಳ: ಅಲ್ಲಿ ದಾರಿ ಇದೆ. ಡಿಸ್ಲೆಕ್ಸಿಯಾದಂಥ ತೊಂದರೆಯುಳ್ಳ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬೇಕೆಂದು ಮಹಾರಾಷ್ಟ್ರ ಸರ್ಕಾರ 1996ರಲ್ಲೇ ಆದೇಶಿಸಿತು. ದೇಶದಲ್ಲಿ ಮೊದಲು ಅದನ್ನು ಮಾಡಿದ ರಾಜ್ಯ ಇದು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸು, ಸರ್ಟಿಫಿಕೇಟು ತಾ, ಹೆಚ್ಚಿನ ಸಮಯ ಪಡೆ, ಬೇಕಿದ್ದರೆ ಬರೆಯುವವರನ್ನು ಪಡೆ. 2007ರ ಕೊನೆಗೆ "ತಾರೇ ಜಮೀನ್ ಪರ್" ಬಂದ ಮೇಲಂತೂ ತಂದೆತಾಯಿಗಳೇ ಆ ಹೆಸರು ಹಿಡಿದು ಬಂದರು. "ಅಕ್ಷರ ತಿರುಗಿಸಿ ಬರೆಯುವ ಹುಡುಗನನ್ನು ಹತ್ತು ವರ್ಷದ ಹಿಂದೆ ನಾನೇ ಹೊಡೆದಿದ್ದೇನೆ," ಎಂದು ಅವರು ಬನ್ಸ್ ತಟ್ಟೆಯನ್ನು ಕೆಳಗಿಟ್ಟರು. "ಈಗ ಹೊಡೆಯುವುದಿಲ್ಲ, ಗೊತ್ತಾಗಿದೆ. ಆದರೆ ಕುರ್ಚಿ ಎಸೆಯುವ ಮಗು ಬಂದರೆ? ಅದಕ್ಕೆ ಯಾವ ಕಾಗದವೂ ದಾರಿ ಹೇಳಿಕೊಟ್ಟಿಲ್ಲ. ಪೋರ್ಷನ್ ಮುಗಿಸದಿದ್ದರೆ ಉಳಿದ ಮಕ್ಕಳ ಅಪ್ಪ ಅಮ್ಮಂದಿರು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತಿರುತ್ತಾರೆ."

ಇದು ಅವರೊಬ್ಬರ ಮಾತಲ್ಲ. ಜಗತ್ತಿನ ಹಲವು ಕಡೆ ಶಿಕ್ಷಕರ ಮನಸ್ಸು ಹೀಗೇ ಅಳೆದು ತೂಗುತ್ತದೆ. ಗಾಲಿಕುರ್ಚಿಯ ಮಗುವಿಗೆ ಬೇಗ ಹೂಂ ಎನ್ನುತ್ತಾರೆ, ವರ್ತನೆಯ ತೊಂದರೆಯುಳ್ಳ ಮಗುವಿಗೆ ಹಿಂಜರಿಯುತ್ತಾರೆ. ಅಮೆರಿಕದ ಸ್ಕ್ರಗ್ಸ್ ಮತ್ತು ಮಾಸ್ಟ್ರೊಪಿಯೆರಿ ಎಂಬ ಸಂಶೋಧಕರು ಹಲವು ದಶಕಗಳ ಸಮೀಕ್ಷೆಗಳನ್ನು 1996ರಲ್ಲಿ ಒಟ್ಟುಮಾಡಿ ನೋಡಿದಾಗ ಮೂವರು ಶಿಕ್ಷಕರಲ್ಲಿ ಸುಮಾರು ಇಬ್ಬರು ಇಂಥ ಮಕ್ಕಳನ್ನು ಸಾಮಾನ್ಯ ತರಗತಿಗೆ ಸೇರಿಸಿಕೊಳ್ಳುವ ವಿಚಾರಕ್ಕೆ ಒಪ್ಪಿದ್ದರು. ಆದರೆ ಅದಕ್ಕೆ ಬೇಕಾದ ಸಮಯ, ತರಬೇತಿ, ಸಲಕರಣೆ ತಮಗಿದೆ ಎಂದವರು ಮೂವರಲ್ಲಿ ಒಬ್ಬರು, ಅಥವಾ ಅದಕ್ಕೂ ಕಡಿಮೆ. ದೆಹಲಿಯ ಶಾಲೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 70 ಶಿಕ್ಷಕರಿಗೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿಯೂ ಇರಲಿಲ್ಲ, ಅನುಭವವೂ ಇರಲಿಲ್ಲ. ಇದನ್ನು ಓದಿದಾಗ ಕಂಬದ ಮರೆಯ ಆ ಮಾತು ಮತ್ತೆ ನೆನಪಾಯಿತು. ಒಪ್ಪಿಯೂ ಕೈಲಾಗದು ಎನ್ನುವ ಲಕ್ಷಾಂತರ ಜನರಲ್ಲಿ ಕಾರ್ಕಳದ ಟೀಚರು ಒಬ್ಬರು.

ಕಾನೂನಿಗೇನೂ ಕೊರತೆಯಿಲ್ಲ. ಸಾಮಾನ್ಯ ಶಾಲೆಯಲ್ಲೇ ಇಂಥ ಮಕ್ಕಳಿಗೆ ಪಾಠವಾಗಲಿ ಎಂದು ಕೇಂದ್ರ ಸರ್ಕಾರ ಮೊದಲ ಯೋಜನೆ ತಂದದ್ದು 1974ರಲ್ಲಿ. 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು, 2010ರ ಏಪ್ರಿಲಿನಿಂದ ಶಿಕ್ಷಣ ಹಕ್ಕು ಜಾರಿಯಾಯಿತು, 2016ರ ಕಾಯ್ದೆ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂ, ಕಲಿಕಾ ತೊಂದರೆಗಳನ್ನೂ ಒಳಗೆ ತಂದಿತು. ಆರರಿಂದ ಹದಿನೆಂಟರವರೆಗೆ ಪಕ್ಕದ ಶಾಲೆಯಲ್ಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಿ, ಉಚಿತವಾಗಿ ಕಲಿಯುವ ಹಕ್ಕು ಮಾಣಿಯಂಥವರಿಗಿದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೊಬ್ಬ ಎಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಹೇಳಿತು. ಈ ಲೆಕ್ಕ ಹೇಳಿದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಬ್ಬಳ್ಳಿಯ ಬಾಯಿ ಮೆಲ್ಲಗೆ ಕೇಳಿದರು: "ಆ ಒಬ್ಬಾಕಿ ಎಲ್ಲಿದಾಳ್ರಿ? ನಮ್ಮ ಕಡೆ ಕಳಸ್ರಿ. ನಾ ಹೊಸಲಿ ತೊಳದು ಒಳಗ ಕರಕೋತೀನಿ."

ಹುಬ್ಬಳ್ಳಿಯ ಬಾಯಿಯ ತರಗತಿ ಬೇರೆಯದೇ ಲೋಕ. ಕಲಬುರಗಿ, ವಿಜಯಪುರದಿಂದ ಬಂದು ನಾಕಾದಲ್ಲಿ ಕೂಲಿಗೆ ನಿಲ್ಲುವವರ ಮಕ್ಕಳು ಅಲ್ಲಿಗೆ ಬರುತ್ತಾರೆ. ಕಟ್ಟಡ ಎದ್ದಂತೆ ಇವರ ಬಿಡಾರ ಸರಿಯುತ್ತದೆ. ಸರ್ಟಿಫಿಕೇಟು ಹಾಗಿರಲಿ, ಹುಟ್ಟಿದ ದಿನವೂ ಸರಿಯಾಗಿ ಗೊತ್ತಿರುವುದಿಲ್ಲ. ಕಳೆದ ವರ್ಷ ಪಕ್ಕದ ವರ್ಗದಲ್ಲಿ ಕಲಬುರಗಿ ಕಡೆಯ ಒಂದು ಹುಡುಗಿ ಇತ್ತು. ಏನು ಕೇಳಿದರೂ ಉತ್ತರವಿಲ್ಲ, ಬಾಗಿಲ ಕಡೆ ನೋಡುತ್ತ ಕೂರುವುದು. ಮಂದ ಬುದ್ಧಿ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಒಂದು ಮಧ್ಯಾಹ್ನ ಖಿಚಡಿಯ ಸಾಲಿನಲ್ಲಿ ಈ ಬಾಯಿ ಅದರ ಪಕ್ಕ ಕೂತು ಕನ್ನಡದಲ್ಲಿ ಕೇಳಿದರು: "ಉಪ್ಪ ಹೆಚ್ಚಾಗೇತೇನವ್ವಾ?" ಹುಡುಗಿ ಥಟ್ಟನೆ ತಿರುಗಿತು. ಬಾಯಿಯ ಕಣ್ಣಿಗೆ ಬಿದ್ದದ್ದು ಆ ತಿರುಗಿದ ರೀತಿ. ಮುಖವನ್ನಲ್ಲ, ಎಡಗಿವಿಯನ್ನು ಮುಂದೆ ತಂದಿತ್ತು.

"ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ರಿ," ಎಂದರು. ಮಗುವಿಗೆ ಮರಾಠಿ ತಿಳಿಯುತ್ತಿರಲಿಲ್ಲ ನಿಜ. ಅದರ ಮೇಲೆ ಬಲಗಿವಿ ಬಹುತೇಕ ಕೇಳುತ್ತಲೂ ಇರಲಿಲ್ಲ. ಭಾಷೆಯ ಪರದೆ ಸರಿದ ಮೇಲಷ್ಟೇ ಕಿವಿಯ ತೊಂದರೆ ಕಂಡಿತು. ವಾಶಿಯಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯೇ ನಡೆಸುವ ಅಂಗವಿಕಲರ ಶಿಕ್ಷಣ, ತರಬೇತಿ ಕೇಂದ್ರವಿದೆ. ಎಲ್ಲರ ಬಾಯಲ್ಲೂ ಅದು ಇ.ಟಿ.ಸಿ. ಅಲ್ಲಿಗೆ ತಂದೆತಾಯಿಯನ್ನು ಒಪ್ಪಿಸಿ ಕಳಿಸಲು ಅವರಿಗೆ ಎರಡು ವಾರ ಹಿಡಿಯಿತು. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದಲ್ಲ. ಆ ದಿನದ ಕೂಲಿಯನ್ನು ಕೊನೆಗೆ ಯಾರು ಕೊಟ್ಟರೆಂದು ಬಾಯಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಕಿವಿಯ ವಿಷಯ ಬಂದಾಗ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಎಲ್ಲ ಟೀಚರುಗಳೂ ಕೇಳಬೇಕು. ಆ ಹುಡುಗಿಯಂತೆ ಕಿವಿಗೆ ಯಂತ್ರ ಹಾಕಿದ ಮಗು ತುಟಿಯನ್ನೂ ನೋಡಿ ಮಾತು ಕೂಡಿಸಿಕೊಳ್ಳುತ್ತದೆ. ನಾವು ಮಾತಾಡುತ್ತಲೇ ಬೋರ್ಡಿನ ಕಡೆ ತಿರುಗಿ ಬರೆಯುತ್ತೇವೆ. ಆ ಕ್ಷಣದಿಂದ ಮಗುವಿಗೆ ಪಾಠ ನಿಂತುಹೋಯಿತು. ಬಾಯಿ ಈಗ ಮೊದಲು ಬರೆಯುತ್ತಾರೆ, ಚಾಕ್ ಕೆಳಗಿಡುತ್ತಾರೆ, ಮಕ್ಕಳ ಕಡೆ ತಿರುಗಿ ಆಮೇಲೆ ಬಾಯಿ ತೆರೆಯುತ್ತಾರೆ. "ಇಪ್ಪತ್ತು ವರ್ಷದ ಚಟ ಬಿಡಾಕ ಎರಡು ತಿಂಗಳು ಬೇಕಾತು. ಈಗ ಉಳಿದ ಹುಡುಗೂರೂ ಹೆಚ್ಚ ಲಕ್ಷ್ಯ ಕೊಡ್ತಾವ ನೋಡ್ರಿ." ಮಳೆಗಾಲದಲ್ಲಿ ಆ ಯಂತ್ರ ಬೆವರು, ತೇವ ಹಿಡಿದು ಗೊರಗೊರ ಎನ್ನುತ್ತದಂತೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ತೇವ ಹೀರುವ ಪುಡಿಯ ಪುಟ್ಟ ಪೊಟ್ಟಣಗಳನ್ನು ಅವರು ಕೂಡಿಡುತ್ತಾರೆ. ರಾತ್ರಿ ಯಂತ್ರವನ್ನು ಡಬ್ಬಿಯಲ್ಲಿ ಅವುಗಳ ಜೊತೆಗಿಡು ಎಂದು ಹುಡುಗಿಯ ತಾಯಿಗೆ ತೋರಿಸಿಕೊಟ್ಟಿದ್ದಾರೆ.

ಭಾಷೆಯ ಮಾತು ಬಂದಾಗ ಅಡುಗೆಮನೆಯಿಂದ ಅತ್ತಿಗೆ ಹೊರಗೆ ಬಂದಳು. ಅವಳಿಗೆ ಇದು ಇನ್ನೂ ಮಾಗದ ಗಾಯ. ಮಾಣಿಗೆ ಎರಡೂವರೆಯಾದರೂ ಮಾತು ಬಂದಿರಲಿಲ್ಲ. ಮನೆಯಲ್ಲಿ ನಮ್ಮ ಕುಂದಾಪುರ ಕನ್ನಡ, ಅವಳ ತವರಿನ ತುಳು, ಮೆಟ್ಟಿಲಿಳಿದರೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಆಟದ ಶಾಲೆಯಲ್ಲಿ ಇಂಗ್ಲಿಷ್. ಸೀಟು ಕೇಳಲು ಹೋದ ಒಂದು ಕಡೆ ಹೇಳಿಬಿಟ್ಟರು: ಮಗುವಿಗೆ ಗೊಂದಲವಾಗುತ್ತಿದೆ, ಇನ್ನು ಮೇಲೆ ಮನೆಯಲ್ಲೂ ಇಂಗ್ಲಿಷ್ ಮಾತ್ರ. ಅಣ್ಣ ಅದನ್ನು ದೇವರ ವಾಕ್ಯದಂತೆ ಪಾಲಿಸಿದ. ಊರಿನಲ್ಲಿರುವ ನಮ್ಮ ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ವೀಡಿಯೊ ಕಾಲ್ ಬರುತ್ತಿತ್ತು. ಮೊಮ್ಮಗನ ಮುಖ ಕಂಡರೂ ಮಾತಾಡುವಂತಿಲ್ಲ. ಅಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಕೈ ಮಾತ್ರ ಬೀಸುತ್ತಿದ್ದರು. ಹೀಗೆ ಒಂದು ವರ್ಷದ ಮೇಲೆ.

ಆಮೇಲೆ ಸಿಕ್ಕ ಒಬ್ಬ ಸ್ಪೀಚ್ ಥೆರಪಿಸ್ಟು ಮೊದಲ ದಿನವೇ ಕೇಳಿದರು, "ಈ ಮಗುವನ್ನು ಮುದ್ದು ಮಾಡುವಾಗ ನಿಮ್ಮ ಬಾಯಲ್ಲಿ ಯಾವ ಭಾಷೆ ಬರುತ್ತದೆ?" ಅಣ್ಣನಿಗೆ ಉತ್ತರ ಹೇಳಲಾಗಲಿಲ್ಲ, ಕಣ್ಣು ತುಂಬಿತಂತೆ. ಎರಡು ಮೂರು ಭಾಷೆಗಳ ನಡುವೆ ಬೆಳೆದರೆ ಆಟಿಸಂ ಇರುವ ಮಗುವಿನ ಮಾತಿಗೆ ಪೆಟ್ಟಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಮನೆಮಾತನ್ನು ಕಿತ್ತುಕೊಂಡರೆ ಮಗು ಮನೆಯವರನ್ನೇ ಕಳೆದುಕೊಳ್ಳುತ್ತದೆ. ಅಮ್ಮನಿಗೆ ಮತ್ತೆ ಮಾತಾಡಲು ಬಿಟ್ಟರು. "ಹ್ವಾಯ್ ಮಾಣಿ, ಉಂಡ್ಯಾ?" ಎಂದು ದಿನಾ ಅದೇ ಪ್ರಶ್ನೆ. ನಾಲ್ಕು ತುಂಬಿ ಎರಡು ತಿಂಗಳಾದಾಗ, ಒಂದು ಸಂಜೆ ಫೋನಿನಾಚೆ ಅಮ್ಮನ ಅಂಗಳದಲ್ಲಿ ಮಳೆ ಸುರಿಯುವುದನ್ನು ಕಂಡು ಮಾಣಿ ಅಂದ: "ಅಮ್ಮಮ್ಮ, ಮಳಿ ಬಂತ್." ಅವನ ಮೊದಲ ಪೂರ್ತಿ ವಾಕ್ಯ. ಅಮ್ಮ ಊರೆಲ್ಲ ಹೇಳಿಕೊಂಡು ಬಂದರು.

ಇದನ್ನು ಕೇಳಿ ಕಾರ್ಕಳದ ಟೀಚರು ಬಹಳ ಹೊತ್ತು ಸುಮ್ಮನಿದ್ದರು. ಚಹಾ ಆರಿತು. ಆಮೇಲೆ ತಮ್ಮ ಕತೆ ಹೇಳಿದರು. ಅವರ ಅಜ್ಜನ ಮನೆಯಲ್ಲಿ ಒಬ್ಬ ಮಾವ ಇದ್ದರು, ತಾಯಿಯ ತಮ್ಮ. ಹುಟ್ಟಿನಿಂದ ಬುದ್ಧಿ ಬೆಳೆದಿರಲಿಲ್ಲ. ದನ ಕಟ್ಟುವುದು, ಅಡಿಕೆ ಹೆಕ್ಕುವುದು, ದೇವಸ್ಥಾನದ ಹೂ ಕೊಯ್ಯುವುದು, ಎಲ್ಲದರಲ್ಲೂ ಅವರಿದ್ದರು. ಶಾಲೆಯಲ್ಲಿ ಮಾತ್ರ ಇರಲಿಲ್ಲ. "ನಾವು ಮಕ್ಕಳು ಸ್ಲೇಟು ಹಿಡ್ಕೊಂಡು ಹೋಗುವಾಗ ಅವರು ತಡಮೆಯವರೆಗೆ ಬರುತ್ತಿದ್ರು. ಅಲ್ಲೇ ನಿಂತು ಸಂಜೆವರೆಗೂ ಕಾಯುತ್ತಿದ್ರು. ಅವರಿಗೂ ಒಂದು ಸ್ಲೇಟು ಕೊಡ್ಬೇಕಿತ್ತು ಅಂತ ಯಾರಿಗೂ ಹೊಳೀಲಿಲ್ಲ ನೋಡಿ." ಅಷ್ಟು ಹೇಳಿ ಎದ್ದು ಬಾಲ್ಕನಿಗೆ ಹೋದರು. ಅಲ್ಲಿ ಮಾಣಿ ಕಂಬಿಗಳ ನಡುವೆ ಮೂಗು ತೂರಿಸಿ ಲೋಕಲ್ ಹೋಗುವ ಸದ್ದು ಕೇಳುತ್ತ ನಿಂತಿದ್ದ. ಅವರು ಮಾತಾಡಿಸಲಿಲ್ಲ, ಪಕ್ಕ ನಿಂತರು ಅಷ್ಟೆ.

ಮುಂಬಯಿಯ ಸಾಮಾನ್ಯ ಶಾಲೆಗಳ ಶಿಕ್ಷಕರ ಮನೋಭಾವದ ಮೇಲೆ ಪರಶುರಾಮ್ ಎಂಬ ಸಂಶೋಧಕರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿತ್ತು. ವಯಸ್ಸು, ಓದು, ಆದಾಯ, ಅನುಭವ ಎಲ್ಲವನ್ನೂ ತೂಗಿ ನೋಡಿದ ಅದರಲ್ಲಿ, ವೈಕಲ್ಯದ ಬಗ್ಗೆಯೂ, ಅಂಥ ಮಕ್ಕಳನ್ನು ತರಗತಿಗೆ ಸೇರಿಸಿಕೊಳ್ಳುವ ಬಗ್ಗೆಯೂ, ಎರಡರಲ್ಲೂ ಮನಸ್ಸನ್ನು ತಿರುಗಿಸಿದ್ದು ಒಂದೇ ಸಂಗತಿ: ಅಂಥ ಒಬ್ಬ ವ್ಯಕ್ತಿಯ ಪರಿಚಯ ಆ ಶಿಕ್ಷಕರಿಗೆ ಮೊದಲೇ ಇತ್ತೇ ಎಂಬುದು. ತಡಮೆಯ ಬಳಿ ಕಾಯುತ್ತಿದ್ದ ಮಾವನ ನೆನಪು ಟೀಚರಿಗೆ ಬಂದದ್ದು ನಾನು ಇದನ್ನು ಓದುವುದಕ್ಕಿಂತ ಮೊದಲು. ಓದಿದಾಗ ಮೈ ಜುಮ್ಮೆಂದಿತು. ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ದಿನದ ಶಿಬಿರದಲ್ಲಿ 21 ವೈಕಲ್ಯಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ ಕಳಿಸುವುದಕ್ಕಿಂತ, ಇ.ಟಿ.ಸಿ.ಯಂಥ ಕೇಂದ್ರದಲ್ಲಿ ಒಂದೇ ಒಂದು ಮಗುವಿನ ಜೊತೆ ಒಂದು ವಾರ ಕೂರಿಸಲಿ. ಬಿ.ಎಡ್. ಓದುವಾಗಲೇ ಕೂರಿಸಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಗದಗದ ಮೇಷ್ಟ್ರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಅವರು ಚಿಕ್ಕಂದಿನಲ್ಲಿ ಹಾಡು ಕೇಳುತ್ತ ಬೆಳೆದವರು. "ಪುಟ್ಟರಾಜ ಗವಾಯಿಗಳಂಥವರನ್ನ ಯಾವ ಸಾಮಾನ್ಯ ಶಾಲಿ ತಯಾರ ಮಾಡ್ತಿತ್ತು, ಹೇಳ್ರಿ? ಕುರುಡ ಹುಡುಗರು ಅಲ್ಲಿ ಒಬ್ಬರ ಕೈ ಒಬ್ಬರು ಹಿಡದು ನಡೀತಿದ್ರು. ಯಾರೂ ಅವರನ್ನ ಅಯ್ಯೋ ಪಾಪ ಅಂತಿರಲಿಲ್ಲ. ಸಾಮಾನ್ಯ ಶಾಲ್ಯಾಗ ಹಿಂದಿನ ಬೆಂಚಿನ ಮ್ಯಾಲ ಒಬ್ಬನ್ನೇ ಕೂಡಿಸಿ, ಇವ ನಮ್ಮಲ್ಲೇ ಅದಾನ ಅನ್ನೂದು ಸೇರಿಸಿಕೊಂಡಾಂಗ ಆಗ್ತದೇನು?" ಅವರ ಮಾತಿನಲ್ಲಿ ನೋವಿದೆ, ನಿಜವೂ ಇದೆ. ಮೂಲೆಯಲ್ಲಿ ಕೂರಿಸಿ ಬಣ್ಣ ಬಳಿಯಲು ಹಾಳೆ ಕೊಟ್ಟು ವರ್ಷ ಕಳೆಯುವ ತರಗತಿಗಳನ್ನು ನಾನೂ ಕಂಡಿದ್ದೇನೆ. ಕಿವುಡ ಮಕ್ಕಳಿಗಂತೂ ತಮ್ಮ ಕೈಸನ್ನೆ ಬಲ್ಲ ಗೆಳೆಯರು ಬೇಕೇ ಬೇಕು.

ಆದರೆ ಇದೇ ಮುಂಬಯಿಯಲ್ಲಿ ಇನ್ನೊಂದು ಕತೆಯೂ ಇದೆ. ಮಿಥು ಅಲೂರ್ ಅವರು ಸೆರೆಬ್ರಲ್ ಪಾಲ್ಸಿ ಇದ್ದ ಮಗಳು ಮಾಲಿನಿಗೆ ಶಾಲೆ ಸಿಗದ ಕಾಲದಲ್ಲಿ, 1972ರಲ್ಲಿ, ತಾವೇ ಸಂಸ್ಥೆ ಕಟ್ಟಿ ಬೇರೆ ಶಾಲೆ ಶುರು ಮಾಡಿದವರು. ಅಂಥ ಶಾಲೆಯನ್ನು ಬೆಳೆಸಿದ ಅವರೇ ಮುಂದೆ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಬೇಕೆಂದು ಪಟ್ಟುಹಿಡಿದರು. 1999ರ ಹೊತ್ತಿಗೆ ಅದಕ್ಕೆಂದೇ ಒಂದು ಕೇಂದ್ರ ತೆರೆದರು, ಧಾರಾವಿಯ ಬಾಲವಾಡಿಗಳಿಗೆ ಹೋದರು. ಮಾಲಿನಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ಒಂದೇ ಬೆರಳಿನಿಂದ ಅಕ್ಷರ ಒತ್ತಿ ತಮ್ಮ ಆತ್ಮಕತೆ ಬರೆದರು. ಬೇರೆ ಶಾಲೆಯಲ್ಲಿ ಕಲಿತ ಕೌಶಲವನ್ನು ಸಾಮಾನ್ಯ ಶಾಲೆಯ ಬಾಗಿಲಿಗೆ ಒಯ್ದವರು ಇವರು. ಮೇಷ್ಟ್ರಿಗೆ ಇದನ್ನು ಹೇಳಿದಾಗ, "ಹಾಂಗಾದ್ರ ಎರಡೂ ಇರಲಿ, ಎರಡರ ನಡುವ ಬಾಗಿಲ ತೆರದಿರಲಿ" ಎಂದರು. ಅಷ್ಟಕ್ಕೆ ನಾನೂ ಒಪ್ಪಿದೆ.

ಮಾಣಿಯ ಶಾಲೆಯಲ್ಲಿ ಆ ನಡುವಿನ ಬಾಗಿಲಲ್ಲಿ ನಿಂತವರು ಒಬ್ಬ ಸ್ಪೆಷಲ್ ಎಜುಕೇಟರ್. ಇಡೀ ಶಾಲೆಗೆ ಒಬ್ಬರೇ. ಅವರ ಕೋಣೆ ಮೆಟ್ಟಿಲ ಕೆಳಗೆ. ಒಂದು ಚಾಪೆ, ಮರಳು ತುಂಬಿದ ತಟ್ಟೆ, ಅಕ್ಷರ ಬರೆಯಲು ಉಬ್ಬುಕಾಗದ, ಗೋಡೆಗೆ ಒಂದು ದೊಡ್ಡ ಗಡಿಯಾರ. ಬಾಗಿಲಲ್ಲಿ ತಲೆ ಹಾಕುವ ಟೀಚರುಗಳು "ಮಿಸ್, ನಿಮ್ಮ ಹುಡುಗ ಮತ್ತೆ ಗಲಾಟೆ" ಎಂದು ಒಪ್ಪಿಸಿಹೋಗುತ್ತಾರೆ. "ನಿಮ್ಮ ಹುಡುಗ. ಈ ಶಬ್ದ ಕೇಳಿದ ದಿನ ನನಗೆ ಊಟ ಸೇರುವುದಿಲ್ಲ," ಎಂದರು ಆಕೆ. ಅವರ ಕೆಲಸದ ಅರ್ಧ ಭಾಗ ಮಕ್ಕಳ ಜೊತೆಗಲ್ಲ, ದೊಡ್ಡವರ ಜೊತೆ. ಐದನೇ ಇಯತ್ತೆಗೆ ಬಂದ ಗಾಲಿಕುರ್ಚಿಯ ಹುಡುಗಿಗೆ ಮೂರನೇ ಮಹಡಿಯ ತರಗತಿ ಎಂದಾಗ, ಲಿಫ್ಟಿಗೆ ಅರ್ಜಿ ಹಾಕೋಣ ಎಂದು ಸಭೆ ಮೇಲೆ ಸಭೆ ನಡೆಯಿತಂತೆ. "ತರಗತಿಯನ್ನೇ ಕೆಳಗೆ ತರಬಹುದಲ್ಲ" ಎಂದು ಕಸ ಗುಡಿಸುತ್ತಿದ್ದ ಮಾವಶಿ ಹೇಳಿದಳು. ಮರುದಿನ ನಲವತ್ತು ಬೆಂಚು ಕೆಳಗೆ ಬಂದವು.

ಅದೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜುಲೈ ಕೊನೆಗೆ ಕಾರ್ಕಳದ ಟೀಚರು ಒಂದು ಮಧ್ಯಾಹ್ನ ಹೋಗಿ ಚಾಪೆಯ ಮೇಲೆ ಕೂತರು. ಮಾಣಿ ಯಾಕೆ ಏಳುತ್ತಾನೆ, ಯಾವಾಗ ಏಳುತ್ತಾನೆ ಎಂದು ಇಬ್ಬರೂ ಒಂದು ವಾರ ಬರೆದಿಟ್ಟರು. ಪಾಠ ಕಷ್ಟವಾದಾಗಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವ ಗಂಟೆಯ ಹೊತ್ತಿಗೆ ಅವನು ಏಳುತ್ತಿದ್ದ. ಮುಂದೆ ಏನು ಬರುತ್ತದೆಂದು ತಿಳಿಯದ ಆ ನಾಲ್ಕು ನಿಮಿಷ ಅವನಿಗೆ ಕಾಡಿನಂತೆ. ಇದು ಕಾಗದದ ಮೇಲೆ ಕಂಡಾಗ ಟೀಚರಿಗೆ ಹೊಳೆದದ್ದು ಅವನದೇ ಜಪ.

ಮರುದಿನ ಬೋರ್ಡಿನ ಎಡಮೂಲೆಯಲ್ಲಿ ಒಂದು ಉದ್ದ ಗೆರೆ, ಅದರ ಮೇಲೆ ಹತ್ತು ಚುಕ್ಕೆ. ವಾಶಿ ಎಂದರೆ ಪ್ರಾರ್ಥನೆ. ಸಾನ್‌ಪಾಡಾ ಇಂಗ್ಲಿಷ್. ಜುಯಿನಗರ ಗಣಿತ. ನೆರೂಳ ಬಂದರೆ ಡಬ್ಬಿ ಬಿಚ್ಚಬಹುದು. ಖಾರ್ಘರ್‌ನಲ್ಲಿ ಮರಾಠಿ, ಮಾನ್‌ಸರೋವರ್‌ನಲ್ಲಿ ಚಿತ್ರ, ಪನ್ವೇಲ್ ಬಂದರೆ ಮನೆ. ಗಂಟೆ ಹೊಡೆಯುವ ಎರಡು ನಿಮಿಷ ಮೊದಲೇ ಟೀಚರು ಚಾಕಿನಿಂದ ಮುಂದಿನ ಚುಕ್ಕೆಯನ್ನು ತಟ್ಟಿ ಲೋಕಲ್ಲಿನ ಹೆಂಗಸಿನ ದನಿಯಲ್ಲೇ ಹೇಳುತ್ತಾರೆ: "ಪುಢೀಲ್ ಸ್ಟೇಶನ್, ಜುಯಿನಗರ." ನಲವತ್ತೈದು ಮಕ್ಕಳು ಹಿಂದಿಯಲ್ಲಿ ಕೂಗುತ್ತಾರೆ, "ಅಗಲಾ ಸ್ಟೇಶನ್, ಜುಯಿನಗರ!" ಮಾಣಿ ಇಂಗ್ಲಿಷಿನಲ್ಲಿ ಮುಗಿಸುತ್ತಾನೆ. ಮೂರು ಭಾಷೆಯೂ ಆಗದೆ ಅವನಿಗೆ ರೈಲು ಹೊರಡುವುದಿಲ್ಲ. ಪುಸ್ತಕ ಮರೆತು ಬರುವ, ಹೊತ್ತು ತಿಳಿಯದ ಇನ್ನೂ ಏಳೆಂಟು ಮಕ್ಕಳು ಈಗ ಗೆರೆ ನೋಡಿಯೇ ಚೀಲದಿಂದ ಪುಸ್ತಕ ತೆಗೆಯುತ್ತವಂತೆ.

ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬಾರದು. ಆಗಸ್ಟಿನಲ್ಲಿ ಮೊಸರುಕುಡಿಕೆಯ ಡೋಲಿನ ಸದ್ದಿಗೆ ಬೆದರಿ ಅವನು ಪಕ್ಕದ ಹುಡುಗಿಯ ಕೈ ಕಚ್ಚಿದ. ಆ ಹುಡುಗಿಯ ತಂದೆ ಗೇಟಿನಲ್ಲಿ ನಿಂತು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ, ಅವರ ಜಾಗದಲ್ಲಿ ನಾನಿದ್ದರೂ ನೋವಾಗುತ್ತಿತ್ತು. ಟೀಚರು ಅಂದು ಸಂಜೆ ಅವರ ಮನೆಗೆ ನಾನೂ ಬರುತ್ತೇನೆಂದು ನನ್ನ ಜೊತೆ ಬಂದರು. ಸೆಪ್ಟೆಂಬರಿನಲ್ಲಿ ಟೀಚರಿಗೆ ಜ್ವರ ಬಂದು ನಾಲ್ಕು ದಿನ ರಜೆ. ಬದಲಿಗೆ ಬಂದವರು ಬೋರ್ಡು ಒರೆಸಿದರು, ಗೆರೆ ಹೋಯಿತು. ಮಾಣಿ ನಾಲ್ಕೂ ದಿನ ಡೆಸ್ಕಿನ ಕೆಳಗಿದ್ದ. ಒಬ್ಬರ ಮೇಲೆಯೇ ನಿಂತದ್ದು ಎಷ್ಟು ದಿನ ನಿಂತೀತು ಎಂಬ ಅಂಜಿಕೆ ನನ್ನನ್ನು ಬಿಟ್ಟಿಲ್ಲ. ಬರುವ ವರ್ಷ ನಾಲ್ಕನೇ ಇಯತ್ತೆ, ಬೇರೆ ಟೀಚರು.

ಅಕ್ಟೋಬರಿನ ಒಂದು ರಾತ್ರಿ ಒಂಬತ್ತಕ್ಕೆ ಅತ್ತಿಗೆಯ ಫೋನು ಗುಂಯ್ ಎಂದಿತು. ಟೀಚರ ಸಂದೇಶ. ನಾಳೆ ಶಾಲೆಯಲ್ಲಿ ಬೆಂಕಿ ಅನಾಹುತದ ತಾಲೀಮು, ಹತ್ತೂವರೆಗೆ ದೊಡ್ಡ ಗಂಟೆ ಬಹಳ ಹೊತ್ತು ಹೊಡೆಯುತ್ತದೆ, ಮಕ್ಕಳಿಗೆ ಮೊದಲೇ ಹೇಳಬಾರದೆಂದು ಆಫೀಸಿನ ಸೂಚನೆ. ಆದರೆ ಮಾಣಿಗೆ ಈಗಲೇ ಹೇಳಿ, ಕಿವಿಮುಚ್ಚುವ ಹೆಡ್‌ಫೋನು ಚೀಲದ ಹೊರ ಜೇಬಿನಲ್ಲೇ ಇರಲಿ, ಪ್ರಿನ್ಸಿಪಾಲರನ್ನು ಕೇಳಿ ಒಪ್ಪಿಸಿದ್ದೇನೆ.

ಅತ್ತಿಗೆ ಮಾಣಿಯನ್ನು ಪಕ್ಕ ಕೂರಿಸಿಕೊಂಡು ಹೇಳಿದಳು, ಎರಡು ಸಲ. ಅವನು ಏನೂ ಅನ್ನಲಿಲ್ಲ. ಎದ್ದುಹೋಗಿ ತನ್ನ ಡೆಸ್ಕಿನಿಂದ ನಾಳಿನ ಚೀಟಿ ತಂದ. ದಿನಾ ರಾತ್ರಿ ತಾನೇ ಗೆರೆ ಎಳೆದು ನಿಲ್ದಾಣ ಬರೆದಿಟ್ಟುಕೊಳ್ಳುತ್ತಾನೆ. ಪೆನ್ಸಿಲಿನ ತುದಿಯನ್ನು ಸ್ವಲ್ಪ ಹೊತ್ತು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಆಮೇಲೆ ಜುಯಿನಗರ ಮತ್ತು ನೆರೂಳಿನ ನಡುವೆ, ಹಾರ್ಬರ್ ಲೈನಿನಲ್ಲಿ ಎಲ್ಲೂ ಇಲ್ಲದ ಒಂದು ಚುಕ್ಕೆ ಇಟ್ಟು, ಅದರ ಕೆಳಗೆ ಕನ್ನಡದಲ್ಲಿ ಬರೆದ: ಗಂಟೆ.